ಮೈಸೂರು ಮಹಾರಾಜರೂ ನೈಜೀರಿಯಾದ ಎಮೀರರೂ ಒಂದೇ ಬಗೆಯ ‘ಪರೋಕ್ಷ ಆಳ್ವಿಕೆ’ಯೇ? ದಾವಣಗೆರೆ ಸುತ್ತಲಿನ ಉದಾಹರಣೆ ಇಟ್ಟು ತಿಳಿಸಿ

ಪ್ರಶ್ನೆ: ಬೆಣ್ಣೆನಗರಿ_ಮೇಷ್ಟ್ರು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗೆ ವಸಾಹತುಶಾಹಿ ಪಾಠ ನಡೆಯುತ್ತಿದೆ. ಯಾವ ನೋಟ್ಸ್ ತೆಗೆದರೂ ಅದೇ ಸಾಲು: ಬ್ರಿಟಿಷರು ಭಾರತದ ಸಂಸ್ಥಾನಗಳಲ್ಲೂ ಆಫ್ರಿಕಾದಲ್ಲೂ ಪರೋಕ್ಷ ಆಳ್ವಿಕೆ ನಡೆಸಿದರು, ಅಂದರೆ ಸ್ಥಳೀಯ ಅರಸರನ್ನು ಮುಂದಿಟ್ಟುಕೊಂಡು ಆಳಿದರು. ಹುಡುಗರು ಕೇಳುವುದು ನ್ಯಾಯವಾಗಿಯೇ ಇದೆ: ಹಾಗಾದರೆ ನಮ್ಮ ಮಹಾರಾಜರೂ ಉತ್ತರ ನೈಜೀರಿಯಾದ ಕಾನೋದ ಎಮೀರನೂ (ಮುಸ್ಲಿಂ ಅರಸ) ಒಂದೇನಾ ಸರ್?

ನಮ್ಮ ಊರಿನ ಸುತ್ತಲೇ ಮೂರು ಆಡಳಿತ ಇದ್ದವು. ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು, ಅದು ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಇದನ್ನೇ ಇಟ್ಟುಕೊಂಡು ಒಂದು ಪ್ರಾಜೆಕ್ಟ್ ಕೊಡೋಣ ಅಂತಿದೆ. ತಿಳಿದವರು ಹೇಳಬೇಕಾದ್ದು: ದುಡ್ಡು ಹೇಗೆ ಹರಿಯುತ್ತಿತ್ತು? ಆಫ್ರಿಕಾದ ಗುಡಿಸಲು ತೆರಿಗೆಯನ್ನು ನಮ್ಮ ಭೂಕಂದಾಯದ ಪಕ್ಕ ಇಟ್ಟು ಹೋಲಿಸಬಹುದಾ? ಹುಡುಗರು ಮನೆಯ ಹಳೇ ಕಾಗದಪತ್ರ ತಂದರೆ ಅದರಲ್ಲಿ ಏನು ನೋಡಬೇಕು?

---

ಉತ್ತರ: ದುರ್ಗದ_ಲೆಕ್ಕಪತ್ರ (ಚಿತ್ರದುರ್ಗ)

ಒಂದೇ ಅಲ್ಲ ಮೇಷ್ಟ್ರೇ. ಸಿಂಹಾಸನದ ಮೇಲೆ ಯಾರು ಕೂತಿದ್ದರು ಅಂತಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಂದಾಯದ ದುಡ್ಡು ಮೊದಲು ಯಾರ ಖಜಾನೆಗೆ ಬೀಳುತ್ತಿತ್ತು, ಯಾರು ಯಾರನ್ನು ತೆಗೆದುಹಾಕಬಹುದಿತ್ತು ಅನ್ನೋದನ್ನು ನೋಡಿ, ಆಗ ಬೇರೆಯಾಗುತ್ತವೆ.

ಮೈಸೂರಿನ ಲೆಕ್ಕ ಶುರುವಾಗುವುದು ಈಸ್ಟ್ ಇಂಡಿಯಾ ಕಂಪನಿಯ ಜತೆ ಆದ 1799ರ ಜುಲೈ ಒಪ್ಪಂದದಿಂದ. ಕಂಪನಿ ಸೈನ್ಯದ ಖರ್ಚಿಗೆ ಅಂತ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಮದ್ರಾಸಿನ ಚಿನ್ನದ ನಾಣ್ಯ) ಪೊಗದಿ, ಅಂದರೆ ಕಪ್ಪ. ಒಂದಕ್ಕೆ ಮೂರೂವರೆ ರೂಪಾಯಿಯಂತೆ 24.5 ಲಕ್ಷ ರೂಪಾಯಿ. ಮಳೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಉಳಿದದ್ದು ಸಂಸ್ಥಾನದ್ದು. ಆದರೆ ಅದೇ ಒಪ್ಪಂದದಲ್ಲಿ ಇನ್ನೊಂದು ಕಲಂ ಇತ್ತು: ಪೊಗದಿಗೆ ಧಕ್ಕೆ ಬರುವ ಹಾಗೆ ಕಂಡರೆ ಕಂಪನಿ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು.

ಅದು ಬಳಕೆಗೆ ಬಂದದ್ದು 1831ರಲ್ಲಿ. ಅಷ್ಟು ಹೊತ್ತಿಗೆ ತಾಲ್ಲೂಕುಗಳನ್ನು ‘ಶರತ್’ ಪದ್ಧತಿಯಲ್ಲಿ ಅಮಲ್ದಾರರಿಗೆ, ಅಂದರೆ ತಾಲ್ಲೂಕು ಅಧಿಕಾರಿಗಳಿಗೆ, ಬಿಟ್ಟಿದ್ದರು. ಇಷ್ಟು ದುಡ್ಡು ಕಟ್ಟುತ್ತೇನೆ ಅಂತ ಒಪ್ಪಿಕೊಂಡು ಬಂದವನು, ಕಟ್ಟಿದ್ದಕ್ಕಿಂತ ಹೆಚ್ಚು ರೈತನಿಂದ ಎತ್ತದೆ ಬಿಡುತ್ತಾನಾ? 1830ರಲ್ಲಿ ನಗರ (ಈಗಿನ ಶಿವಮೊಗ್ಗ ಕಡೆಯ ಬಿದನೂರು) ಸೀಮೆಯಲ್ಲಿ ರೈತರ ಕೂಟಗಳು ಎದ್ದವು, ದಂಗೆಯಾಯಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡ.

ನೋಟ್ಸ್‌ಗಳು ಎಡವುವುದು ಇಲ್ಲೇ. 1831ರಿಂದ 1881ರವರೆಗಿನ 50 ವರ್ಷ ಮೈಸೂರಿನಲ್ಲಿದ್ದದ್ದು ಪರೋಕ್ಷ ಆಳ್ವಿಕೆಯೇ ಅಲ್ಲ. ಮಹಾರಾಜರ ಹೆಸರಿನಲ್ಲಿ ನಡೆದ ನೇರ ಆಳ್ವಿಕೆ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್. ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗ, ಒಂದೊಂದಕ್ಕೂ ಯುರೋಪಿಯನ್ ಸೂಪರಿಂಟೆಂಡೆಂಟ್. ಕೆಳಗೆ ಅಮಲ್ದಾರ, ಶಾನುಭೋಗ, ಪಟೇಲ ಹಾಗೇ ಇದ್ದರು. ಹಾಗಾಗಿ ಹಳ್ಳಿಯಲ್ಲಿ ನಿಂತು ನೋಡಿದವನಿಗೆ ಹೆಚ್ಚೇನೂ ಬದಲಾದ ಹಾಗೆ ಕಂಡಿರಲಿಕ್ಕಿಲ್ಲ.

1881ರ ಮಾರ್ಚ್ 25ಕ್ಕೆ ಚಾಮರಾಜ ಒಡೆಯರಿಗೆ ಅಧಿಕಾರ ವಾಪಸ್ ಬಂತು. ಷರತ್ತುಗಳ ಪಟ್ಟಿ ಓದಿದರೆ ‘ವಾಪಸ್’ ಅನ್ನಲು ಬಾಯಿ ಬರುವುದಿಲ್ಲ. ಸ್ವಂತ ನಾಣ್ಯ ಟಂಕಿಸುವ ಹಾಗಿಲ್ಲ, ಅಪ್ಪಣೆಯಿಲ್ಲದೆ ಕೋಟೆ ಕಟ್ಟುವ ಹಾಗಿಲ್ಲ, ಬೇರೆ ರಾಜ್ಯದ ಜತೆ ನೇರ ವ್ಯವಹಾರವಿಲ್ಲ, ಉಪ್ಪು-ಅಫೀಮಿನ ವಿಷಯದಲ್ಲಿ ಅವರು ಹೇಳಿದಂತೆ. ಜಾರಿಯಲ್ಲಿರುವ ಕಾನೂನನ್ನೂ ಆಡಳಿತ ಪದ್ಧತಿಯನ್ನೂ ಗವರ್ನರ್ ಜನರಲ್ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಬೆಂಗಳೂರಿನ ದಂಡು ಪ್ರದೇಶ ರೆಸಿಡೆಂಟರ (ಅರಸನ ಪಕ್ಕ ಇರುವ ಬ್ರಿಟಿಷ್ ಪ್ರತಿನಿಧಿ) ಕೈಯಲ್ಲೇ ಉಳಿಯಿತು. ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಬರಗಾಲದ ಸಾಲವೇ 80 ಲಕ್ಷ ತಲೆಮೇಲಿದ್ದದ್ದರಿಂದ ಏರಿಕೆ 1896ರವರೆಗೆ ಮುಂದಕ್ಕೆ ಹೋಯಿತು. 1928ರಲ್ಲಿ ಮತ್ತೆ 24.5 ಲಕ್ಷಕ್ಕೆ ಇಳಿಯಿತು.

1881ರ ಸುಮಾರಿಗೆ ಸಂಸ್ಥಾನದ ಒಟ್ಟು ಆದಾಯ 1 ಕೋಟಿಯ ಆಸುಪಾಸು. ಅಂದರೆ ನಾಲ್ಕರಲ್ಲೊಂದು ಪಾಲು ಮೊದಲೇ ಎತ್ತಿಟ್ಟು ಆಮೇಲೆ ಕೆರೆ, ರಸ್ತೆ, ಶಾಲೆ. ಆದರೆ ಉಳಿದ ಮುಕ್ಕಾಲು ಪಾಲನ್ನು ಎಲ್ಲಿ ಖರ್ಚು ಮಾಡಬೇಕೆಂದು ತೀರ್ಮಾನಿಸುವವರು ದಿವಾನರು. ಎಮೀರನಿಗೆ ಇಲ್ಲದಿದ್ದದ್ದು ಇದೇ.

---

ಉತ್ತರ: ಸವಾನ್ನ (ದಾವಣಗೆರೆ)

ಮೇಲಿನವರು ಮೈಸೂರನ್ನು ಚೆನ್ನಾಗಿ ಬಿಡಿಸಿದ್ದಾರೆ, ಆಫ್ರಿಕಾ ಭಾಗ ನಾನು ಬರೀತೀನಿ.

ನೈಜೀರಿಯಾದಲ್ಲಿ ಪರೋಕ್ಷ ಆಳ್ವಿಕೆ ಕಟ್ಟಿದ ಬ್ರಿಟಿಷ್ ಅಧಿಕಾರಿ ಲುಗಾರ್ಡ್ ಹುಟ್ಟಿದ್ದು ಮದ್ರಾಸಿನಲ್ಲಿ, 1858ರಲ್ಲಿ. ಸೈನ್ಯದ ಕೆಲಸ ಶುರು ಮಾಡಿದ್ದೂ ಇಂಡಿಯಾದ ಕಡೆಯೇ. ಅದಕ್ಕೇ ‘ಇಲ್ಲಿಯದನ್ನೇ ಅಲ್ಲಿಗೆ ಒಯ್ದ’ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಮಾದರಿ ಕಣ್ಣಮುಂದೆ ಇತ್ತು ನಿಜ, ಮಾಡಿದ್ದು ಬೇರೆ. 1903ರಲ್ಲಿ ಕಾನೋ, ಸೊಕೊಟೊ ಎರಡೂ ಬಿದ್ದವು. ಕಾನೋದ ಎಮೀರ್ ಅಲಿಯುವನ್ನು ಇಳಿಸಿ ಗಡೀಪಾರು ಮಾಡಿ, ಅಬ್ಬಾಸನನ್ನು ಕೂರಿಸಿದರು. ಸೊಕೊಟೊದಲ್ಲಿ ಲುಗಾರ್ಡ್ ಬಾಯಿಬಿಟ್ಟೇ ಹೇಳಿದ: ಅಲ್ಲಿ ಆಳುತ್ತಿದ್ದ ಫುಲಾನಿ ಜನ ಗೆದ್ದು ಪಡೆದಿದ್ದ ಹಕ್ಕು, ಅಂದರೆ ತೆರಿಗೆ ಹಾಕುವ ಹಕ್ಕು, ಅರಸರನ್ನು ಏರಿಸಿ ಇಳಿಸುವ ಹಕ್ಕು, ಸೋಲಿನಿಂದ ಬ್ರಿಟಿಷರಿಗೆ ಸೇರಿತು. ಮೈಸೂರಿನ ಹತ್ತಿರ ಒಪ್ಪಂದದ ಕಾಗದ ಇತ್ತು, ಅದನ್ನು ಹಿಡಿದು ಲಂಡನ್ನಿನವರೆಗೂ ವಾದ ಮಾಡಬಹುದಿತ್ತು. ಎಮೀರನ ಹತ್ತಿರ ಇದ್ದದ್ದು ನೇಮಕಾತಿ ಪತ್ರ.

ದುಡ್ಡಿನ ದಾರಿ ಹೀಗಿತ್ತು. ಹಳ್ಳಿವಾರು ತೆರಿಗೆ ಎಷ್ಟು ಅಂತ ಬ್ರಿಟಿಷ್ ಅಧಿಕಾರಿ ಅಂದಾಜು ಮಾಡುತ್ತಾನೆ. ವಸೂಲಿ ಎಮೀರನ ಜನರದ್ದು. ಬಂದದ್ದರಲ್ಲಿ ಸುಮಾರು ಅರ್ಧ ವಸಾಹತು ಸರ್ಕಾರಕ್ಕೆ, ಉಳಿದರ್ಧ ಸ್ಥಳೀಯ ಖಜಾನೆಗೆ. ಆ ಖಜಾನೆಯಿಂದ ಎಮೀರನಿಗೂ ಅವನ ನೌಕರರಿಗೂ ಗೊತ್ತುಮಾಡಿದ ಸಂಬಳ, ಬಜೆಟ್ಟನ್ನು ನೋಡಿ ಒಪ್ಪುವವನು ರೆಸಿಡೆಂಟ್. ತೋಟದ ಲೆಕ್ಕದಲ್ಲಿ ಹೇಳಿದರೆ ಮೈಸೂರು ಗುತ್ತಿಗೆದಾರ, ಕಾನೋ ಸಂಬಳದ ಮೇಸ್ತ್ರಿ. ಉಗಾಂಡಾದಲ್ಲಿ ಇದು ಇನ್ನೂ ಬಿಚ್ಚಾಗಿತ್ತು. 1900ರ ಒಪ್ಪಂದದಲ್ಲೇ ಬುಗಾಂಡಾದ ಅರಸ ಕಬಾಕನಿಗೆ ಪ್ರಾಯಕ್ಕೆ ಬಂದ ಮೇಲೆ ವರ್ಷಕ್ಕೆ 1,500 ಪೌಂಡ್ ಅಂತ ಬರೆದರು, ಗುಡಿಸಲು ತೆರಿಗೆ ಬ್ರಿಟಿಷ್ ಆಡಳಿತಕ್ಕೆ ಹೋಯಿತು.

ಈಗ ಗುಡಿಸಲು ತೆರಿಗೆ. ಭೂಮಿ ಬಿಟ್ಟು ಗುಡಿಸಲೇ ಯಾಕೆ? ಭೂಮಿಗೆ ಕಂದಾಯ ಹಾಕಬೇಕಾದರೆ ಸರ್ವೆ ಬೇಕು, ಹೊಲದ ಗಡಿ ಬೇಕು, ಇದು ಯಾರ ಹೆಸರಿನಲ್ಲಿದೆ ಅನ್ನುವ ಪುಸ್ತಕ ಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ. ಗುಡಿಸಲಾದರೆ ದಿಬ್ಬದ ಮೇಲೆ ನಿಂತು ಎಣಿಸಬಹುದು. ಒಬ್ಬೊಬ್ಬ ಹೆಂಡತಿಗೂ ಒಂದೊಂದು ಗುಡಿಸಲು ಇರುವ ಕಡೆ, ಹೆಚ್ಚು ಗುಡಿಸಲು ಅಂದರೆ ಹೆಚ್ಚು ಅನುಕೂಲಸ್ಥ ಅಂತ ಅಂದಾಜೂ ಸಿಗುತ್ತದೆ. ಜನ ಏನು ಮಾಡಿದರು? ಒಂದೇ ಗುಡಿಸಲಿನಲ್ಲಿ ಒತ್ತೊತ್ತಾಗಿ ಸೇರಿಕೊಂಡರು, ಎಣಿಕೆ ಇಳಿಯಿತು. ಕೀನ್ಯಾದಲ್ಲಿ 1910ರಲ್ಲಿ ತಲೆಗಂದಾಯವನ್ನೂ ಜೋಡಿಸಿದರು. ಗುಡಿಸಲು ತೆರಿಗೆ ಕಟ್ಟದ ವಯಸ್ಕ ಗಂಡಸರೆಲ್ಲ ಅದರೊಳಗೆ ಬಂದರು.

ದರ: ಸಿಯೆರಾ ಲಿಯೋನಿನಲ್ಲಿ 1898ರಲ್ಲಿ ಮನೆಗೆ 5 ಷಿಲಿಂಗ್, ಅದಕ್ಕೇ ಬಾಯ್ ಬುರೇ ಮುಂದಾಳತ್ವದಲ್ಲಿ ಯುದ್ಧವೇ ಆಯಿತು. ಉಗಾಂಡಾದಲ್ಲಿ 1900ರಲ್ಲಿ ಗುಡಿಸಲಿಗೆ 3 ರೂಪಾಯಿ, ಬಂದೂಕಿಗೆ 3 ರೂಪಾಯಿ. ರೂಪಾಯಿ ಅಂದರೆ ನಮ್ಮದೇ ರೂಪಾಯಿ. 1920ರವರೆಗೂ ಪೂರ್ವ ಆಫ್ರಿಕಾದಲ್ಲಿ ಓಡಿದ್ದು ಇಂಡಿಯಾದ ನಾಣ್ಯ. ಕೀನ್ಯಾದ ಕೋರ್ಟುಗಳಲ್ಲಿ 1930ರವರೆಗೆ ನಡೆದದ್ದು ಇಂಡಿಯನ್ ಪೀನಲ್ ಕೋಡ್. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896-1901ರಲ್ಲಿ ರೈಲು ಹಾಕಲು ಇಲ್ಲಿಂದ ಕರಾರಿನ ಮೇಲೆ ಒಯ್ದ ಕೂಲಿಗಳು ಸುಮಾರು 32,000. ಸತ್ತವರು ಸುಮಾರು 2,500. ಬಹುತೇಕ ಪಂಜಾಬಿನವರು. ಹುಡುಗರಿಗೆ ಇಂಡಿಯಾ-ಆಫ್ರಿಕಾ ನಂಟು ತೋರಿಸಲು ಇದಕ್ಕಿಂತ ಗಟ್ಟಿ ಉದಾಹರಣೆ ಬೇಡ.

ತೆರಿಗೆಯ ಉದ್ದೇಶ ದುಡ್ಡೊಂದೇ ಆಗಿರಲಿಲ್ಲ. ನಾಣ್ಯದಲ್ಲೇ ಕಟ್ಟಬೇಕು ಅಂದಾಗ ನಾಣ್ಯ ಸಿಗುವುದು ಎಲ್ಲಿ? ಬಿಳಿಯರ ಎಸ್ಟೇಟಿನಲ್ಲಿ, ಗಣಿಯಲ್ಲಿ, ಇಲ್ಲವೇ ಹತ್ತಿ ಬೆಳೆದು ಮಾರಿದರೆ. ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನಲ್ಲಿ ಸೆಸಿಲ್ ರೋಡ್ಸ್ 1894ರಲ್ಲಿ ತಂದ ಗ್ಲೆನ್ ಗ್ರೇ ಕಾಯ್ದೆ ಮುಚ್ಚುಮರೆ ಇಲ್ಲದೆ ಹೇಳಿತು: ವರ್ಷಕ್ಕೆ 3 ತಿಂಗಳು ಜಿಲ್ಲೆಯ ಹೊರಗೆ ಕೂಲಿಗೆ ಹೋಗದ ಗಂಡಸು 10 ಷಿಲಿಂಗ್ ಕಟ್ಟಬೇಕು. ನಮ್ಮ ಕಡೆ ಭೂಕಂದಾಯ ರೈತನನ್ನು ಹೊಲದಲ್ಲೇ ಕಟ್ಟಿಹಾಕಿ ಸಾಹುಕಾರನ ಬಾಗಿಲಿಗೆ ಕಳಿಸುತ್ತಿತ್ತು. ಅಲ್ಲಿಯದು ಹೊಲ ಬಿಡಿಸಿ ಕೂಲಿಗೆ ಕಳಿಸುತ್ತಿತ್ತು.

ಇನ್ನೊಂದು ವಿಷಯ. ಆಗ್ನೇಯ ನೈಜೀರಿಯಾದ ಇಗ್ಬೋ ಜನರ ಬಹುತೇಕ ಊರುಗಳಲ್ಲಿ ಅರಸರೇ ಇರಲಿಲ್ಲ. ಇಲ್ಲದ ದೊರೆಗಳನ್ನು ಬ್ರಿಟಿಷರು ಹುಟ್ಟಿಸಿದರು: ಒಬ್ಬನ ಕೈಗೆ ಒಂದು ವಾರಂಟ್ ಕೊಟ್ಟು ‘ನೀನೇ ಮುಖ್ಯಸ್ಥ’ ಅಂದರು. 1928ರಲ್ಲಿ ಗಂಡಸರ ಮೇಲೆ ತೆರಿಗೆ ಬಂತು. 1929ರ ನವೆಂಬರಿನಲ್ಲಿ ಓಲೋಕೋ ಎಂಬ ಊರಿನಲ್ಲಿ ವಾರಂಟ್ ಚೀಫ್ ಒಕುಗೋ ಕಳಿಸಿದ ಎಣಿಕೆಯವನು, ತಾಳೆ ಎಣ್ಣೆ ತೆಗೆಯುತ್ತಿದ್ದ ನ್ವಾನ್ಯೆರುವಾ ಎಂಬಾಕೆಗೆ ನಿನ್ನ ಮೇಕೆ, ಕುರಿ, ಜನ ಎಣಿಸಿ ಹೇಳು ಅಂದ. ನಿನ್ನ ತಾಯಿಯನ್ನು ಎಣಿಸಿದ್ದರಾ ಅಂತ ಆಕೆ ತಿರುಗಿ ಕೇಳಿದಳು. ಹೆಂಗಸರಿಗೂ ತೆರಿಗೆ ಬರುತ್ತಿದೆ ಅನ್ನುವ ಸುದ್ದಿ ಊರೂರಿಗೆ ಹರಡಿತು. ತಾಳೆ ಎಣ್ಣೆಯ ಬೆಲೆ ಬೇರೆ ಕುಸಿದಿತ್ತು. ಸಾವಿರಾರು ಹೆಂಗಸರು ಚೀಫ್‌ಗಳ ಮನೆ ಸುತ್ತುವರಿದು ಹಾಡುತ್ತ ಕುಣಿಯುತ್ತ ಅವರ ಟೋಪಿ ಕಿತ್ತುಕೊಂಡರು, ಸ್ಥಳೀಯ ಕೋರ್ಟು ಕಟ್ಟಡಗಳನ್ನು ಕೆಡವಿದರು. ಗುಂಡಿಗೆ 50ಕ್ಕೂ ಹೆಚ್ಚು ಹೆಂಗಸರು ಬಲಿಯಾದರು.

---

ಬೆಣ್ಣೆನಗರಿ_ಮೇಷ್ಟ್ರು

ಇಬ್ಬರಿಗೂ ಧನ್ಯವಾದ. ನಗರದ ಕೂಟ, ಓಲೋಕೋ ಎರಡನ್ನೂ ಪಕ್ಕಪಕ್ಕ ಇಡಬಹುದು ಅನ್ನಿಸುತ್ತಿದೆ. ಆದರೆ ‘3 ರೂಪಾಯಿ ಹೆಚ್ಚೋ, ನಮ್ಮ ಕಂದಾಯ ಹೆಚ್ಚೋ’ ಅಂತ ಹುಡುಗರು ಕೇಳಿಯೇ ಕೇಳುತ್ತಾರೆ. ಹಳೇ ಕಾಗದದ ಬಗ್ಗೆಯೂ ಯಾರಾದರೂ ಹೇಳಿ.

---

ಉತ್ತರ: ಹೊಳೆದಂಡೆ (ಹರಿಹರ)

ಕಾಗದದ ವಿಷಯ ನಾನು ಹೇಳ್ತೀನ್ರಿ.

ಮೊದಲು ಕಾಗದ ಯಾವ ಆಡಳಿತದ್ದು ಅಂತ ಗೊತ್ತುಮಾಡಿಕೊಳ್ಳಿ. ಹಳೇ ಕಾಗದದಲ್ಲಿ ಅಮಲ್ದಾರ, ಶಾನುಭೋಗ ಇದ್ದರೆ ಮೈಸೂರು ಕಡೆಯದು. ತಹಶೀಲ್ದಾರ, ಕರಣಂ ಇದ್ದರೆ ಮದ್ರಾಸ್, ಅಂದರೆ ಹರಪನಹಳ್ಳಿ ಕಡೆ. ಮಾಮಲೇದಾರ, ಕುಲಕರ್ಣಿ ಇದ್ದರೆ ಬಾಂಬೆ, ರಾಣೆಬೆನ್ನೂರು ಕಡೆ.

ಆಮೇಲೆ ವಿಸ್ತೀರ್ಣ. ಎಲ್ಲರೂ ಮುಗ್ಗರಿಸೋದು ಇಲ್ಲೇ. ನಮ್ಮ ಕಡೆ ಎಕರೆಗೆ 40 ಗುಂಟೆ; ಗುಂಟೆ ಅಂದರೆ 33 ಅಡಿ ಚೌಕ, 1,089 ಚದರಡಿ. ಹರಪನಹಳ್ಳಿ ಕಡೆ ಎಕರೆಗೆ 100 ಸೆಂಟ್. ‘3 ಎಕರೆ 25’ ಅಂತ ಬರೆದಿದ್ದರೆ ಮೈಸೂರು ಲೆಕ್ಕದಲ್ಲಿ 3.625 ಎಕರೆ, ಮದ್ರಾಸ್ ಲೆಕ್ಕದಲ್ಲಿ 3.25 ಎಕರೆ. 15 ಗುಂಟೆ ವ್ಯತ್ಯಾಸ ಆಯ್ತು. ಅದರ ಮೇಲೆ ಎಕರೆವಾರು ಕಂದಾಯ ಲೆಕ್ಕ ಹಾಕಿದರೆ ಎಲ್ಲಾ ತಪ್ಪು.

ಹುಡುಗರ ಕೈಲಿ ಕಂದಾಯ ಲೆಕ್ಕ ಮಾಡಿಸಬೇಕಾದರೆ ಬಾಂಬೆ ಸರ್ವೆ ಮಾದರಿ ತಗೊಳ್ಳಿ. ಕಮಿಷನರ್ ಬೋರಿಂಗ್ ಕಾಲದಲ್ಲಿ, 1863ರಲ್ಲಿ ಮೈಸೂರಿಗೂ ಅದೇ ಬಂತು, 30 ವರ್ಷದ ಅವಧಿಗೆ. ಮಣ್ಣಿನ ಬಣ್ಣ, ಹದ, ಆಳ ನೋಡಿ ಆಣೆಯಲ್ಲಿ ತರಗತಿ ಕಟ್ಟೋದು. ಆಳವಾದ ನಯ ಎರೆ ಭೂಮಿಗೆ ಪೂರ್ತಿ 16 ಆಣೆ. ಅಲ್ಲಿಂದ 14, 12, 10, 8, 6, ನಾಲ್ಕೂವರೆ, 3, ಕೊನೆಗೆ 2 ಆಣೆಯವರೆಗೆ ಒಂಬತ್ತು ದರ್ಜೆ. ಆಳವನ್ನು ಮೊಳದಲ್ಲಿ ಅಳೀತಿದ್ದರು, ಮೇಲಿನ ದರ್ಜೆಗೆ ಒಂದೂಮುಕ್ಕಾಲು ಮೊಳ ಮಣ್ಣು ಬೇಕು. ಗರಸು, ಇಳಿಜಾರು, ಜೌಗು ಇದ್ದರೆ ದರ್ಜೆ ಇಳಿಸೋದು. ಮಳೆ, ಪೇಟೆಯ ದೂರ ನೋಡಿ ಹಳ್ಳಿಗಳ ಗುಂಪಿಗೆ ಒಂದು ಗರಿಷ್ಠ ದರ ಬೇರೆ ಗೊತ್ತುಮಾಡೋದು. ಗರಿಷ್ಠ ದರ ಎಕರೆಗೆ 1 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 5 ಎಕರೆ 20 ಗುಂಟೆ ಹೊಲ, 8 ಆಣೆ ಮಣ್ಣು: ಐದೂವರೆಯ ಅರ್ಧ, 2 ರೂಪಾಯಿ 12 ಆಣೆ. ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು ಉಳಿದದ್ದಕ್ಕೆ ಮಾತ್ರ ಈ ಲೆಕ್ಕ. ಪಹಣಿಯ ಒಟ್ಟು ವಿಸ್ತೀರ್ಣ ತಗೊಂಡು ಗುಣಿಸಿದರೆ ಆಕಾರ, ಅಂದರೆ ಗೊತ್ತುಮಾಡಿದ ಕಂದಾಯ, ತಾಳೆ ಬೀಳಲ್ಲ.

ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ-ಕಂದಾಯದ ಪಟ್ಟಿ), ಟಿಪ್ಪಣಿ (ಹೊಲದ ಅಳತೆಯ ನಕ್ಷೆ) ನಕಲಿಗೆ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಬೇಕು. ಈಗಿನ ಹಿಸ್ಸಾ (ಪಾಲು) ನಂಬರ್ ಅಲ್ಲ, ಪೋಡಿ, ಅಂದರೆ ಹೊಲದ ವಿಭಜನೆ, ಆಗೋಕೆ ಮುಂಚಿನ ಮೂಲ ಸರ್ವೆ ನಂಬರ್ ಕೊಡಿ, ಇಲ್ಲಾಂದ್ರೆ ಅಭಿಲೇಖಾಲಯದಲ್ಲಿ ‘ಸಿಗಲಿಲ್ಲ’ ಅಂತ ಬರೆದು ಕಳಿಸ್ತಾರೆ. ಹರಪನಹಳ್ಳಿಯವರಿಗೆ ಇನ್ನೊಂದು ತೊಡಕು: 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, ಈಗ ವಿಜಯನಗರಕ್ಕೆ. ಜಿಲ್ಲಾ ಮಟ್ಟದ ಕಡತ ಬೇಕಾದರೆ ಯಾವ ವರ್ಷದ್ದು ಅಂತ ಮೊದಲು ನೋಡಿಕೊಂಡು ಊರು ಹತ್ತಿ.

ವರ್ಷದ ವಿಷಯ. ಮದ್ರಾಸ್ ಕಾಗದದಲ್ಲಿ ಫಸಲಿ (ಕಂದಾಯದ ವರ್ಷ) ಇರುತ್ತೆ, ಅದಕ್ಕೆ 590 ಸೇರಿಸಿ: ಫಸಲಿ 1310 ಅಂದರೆ 1900ರ ಜುಲೈಯಿಂದ 1901ರ ಜೂನ್. ಇನ್ನು ಹಳೇ ಮೈಸೂರು ಲೆಕ್ಕದಲ್ಲಿ ಕಂಠೀರಾಯಿ ವರಹ (ಮೈಸೂರಿನ ಹಳೇ ಹಣದ ಲೆಕ್ಕ) ಬಂದರೆ ಅದನ್ನು ಮೂರೂವರೆಯಿಂದ ಗುಣಿಸಬ್ಯಾಡ್ರಿ. ಮೂರೂವರೆ ರೂಪಾಯಿಯದು ಸ್ಟಾರ್ ಪಗೋಡ. ಕಂಠೀರಾಯಿ 3 ರೂಪಾಯಿಗಿಂತ ಸ್ವಲ್ಪ ಕಡಿಮೆ. ಮೋಡಿ ಲಿಪಿಯ (ಮರಾಠಿಯ ಹಳೇ ಕೂಡುಬರಹ) ಹಾಳೆ ಬಂದರೆ ಊಹೆಯಿಂದ ಓದೋಕೆ ಹೋಗದೆ ಬಲ್ಲವರಿಗೆ ತೋರಿಸಿ. ಹರಿದ ಕಾಗದಕ್ಕೆ ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬ್ಯಾಡ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಸಿ, ಮೂಲ ಮನೆಯವರಿಗೇ ವಾಪಸ್ ಕೊಡಿ.

---

ಉತ್ತರ: ದುರ್ಗದ_ಲೆಕ್ಕಪತ್ರ

3 ರೂಪಾಯಿಯ ಪ್ರಶ್ನೆಗೆ: ಆ ಕಾಲಕ್ಕೆ 15 ರೂಪಾಯಿಗೆ 1 ಪೌಂಡ್, ಹಾಗಾಗಿ ಉಗಾಂಡಾದ 3 ರೂಪಾಯಿ ಅಂದರೆ 4 ಷಿಲಿಂಗ್. ಸಿಯೆರಾ ಲಿಯೋನಿನ 5 ಷಿಲಿಂಗ್ ಜತೆ ಹೋಲಿಸಲು ಇಷ್ಟು ಸಾಕು. ನಮ್ಮ 2 ರೂಪಾಯಿ 12 ಆಣೆಯ ಜತೆ ಹಾಗೇ ಇಟ್ಟು ಹೆಚ್ಚು-ಕಮ್ಮಿ ಹೇಳಬೇಡಿ. ಒಂದು ಹೊಲದ ಮೇಲಿನದು, ಇನ್ನೊಂದು ಮನೆಯ ಮೇಲಿನದು. ಹೊಲವಿಲ್ಲದ ಕೂಲಿಯವನಿಗೆ ಇಲ್ಲಿ ಭೂಕಂದಾಯ ಇಲ್ಲ, ಅಲ್ಲಿ ಗುಡಿಸಲು ಇರುವವನಿಗೆಲ್ಲ ತೆರಿಗೆ ಇದೆ. ಹೋಲಿಸಲೇಬೇಕಾದರೆ ಎಷ್ಟು ದಿನದ ಕೂಲಿ ಅಂತ ಹೋಲಿಸಿ.

ಇನ್ನೊಂದು ಎಚ್ಚರಿಕೆ. ಈ ಪ್ರಾಜೆಕ್ಟ್ ಕೊನೆಗೆ ‘ಸಂಸ್ಥಾನದವರು ಪುಣ್ಯವಂತರು, ಪ್ರಾಂತ್ಯದವರು ಪಾಪಿಗಳು’ ಅನ್ನುವ ಕಡೆಗೆ ಜಾರುತ್ತೆ. 1876-78ರ ಬರಗಾಲ ನೋಡಿ. ಮೈಸೂರಿನ ಜನಸಂಖ್ಯೆ 1871ರಲ್ಲಿ 50.55 ಲಕ್ಷ ಇದ್ದದ್ದು 1881ಕ್ಕೆ 41.86 ಲಕ್ಷಕ್ಕೆ ಇಳಿಯಿತು. ಆಗ ಮೈಸೂರು ಕಮಿಷನರ್ ಕೈಯಲ್ಲಿತ್ತು, ಅರಮನೆಯ ಕೈಯಲ್ಲಲ್ಲ. ಗಡಿಯ ಆಚೆ ಮದ್ರಾಸಿನಲ್ಲಿ ಪರಿಹಾರ ಕಾಮಗಾರಿಯ ಕೂಲಿ ಗಂಡಸಿಗೆ ದಿನಕ್ಕೆ 1 ಪೌಂಡ್ ಧಾನ್ಯ, 1 ಆಣೆ. ಅಂದರೆ ಸುಮಾರು 450 ಗ್ರಾಂ, ಮಣ್ಣು ಹೊರುವವನಿಗೆ. ಆ ವರ್ಷಗಳಲ್ಲಿ ದಾವಣಗೆರೆಗೂ ಹರಪನಹಳ್ಳಿಗೂ ನಡುವಿನ ಗಡಿ ನಕ್ಷೆಯಲ್ಲಿತ್ತು, ಅಷ್ಟೇ.

ನಗರದ ಕೂಟವನ್ನೂ ಓಲೋಕೋವನ್ನೂ ಪಕ್ಕಪಕ್ಕ ಇಡಿ, ಒಳ್ಳೆಯದೇ. ಎರಡೂ ಕಡೆ ಜನರ ಸಿಟ್ಟು ಮೊದಲು ಹೋದದ್ದು ವಸೂಲಿಗೆ ನಿಂತ ಮಧ್ಯದವನ ಮೇಲೆ. ಮುಂದೆ ಆದದ್ದು ಮಾತ್ರ ತಿರುವುಮುರುವು. ಇಲ್ಲಿ ಅರಸನನ್ನೇ ಬದಿಗೆ ಸರಿಸಿ 50 ವರ್ಷ ತಾವೇ ಆಳಿದರು.

---

ಉತ್ತರ: ಸವಾನ್ನ

ಅಲ್ಲಿ ಪದ್ಧತಿಯನ್ನು ಉಳಿಸಿಕೊಂಡು ಮನುಷ್ಯರನ್ನು ಬದಲಿಸಿದರು. 1930ರ ನಂತರ ವಾರಂಟ್ ಚೀಫ್‌ಗಳ ಜಾಗದಲ್ಲಿ ಊರಿನ ಹಲವರು ಸೇರಿ ಕೂರುವ ಕೋರ್ಟು, ಸಭೆಗಳು ಬಂದವು. ಗಂಡಸರ ಮೇಲಿನ ತೆರಿಗೆ ಹೋಗಲಿಲ್ಲ.

ಹುಡುಗರು ಕೋಷ್ಟಕ ಮಾಡುವಾಗ ‘ನೈಜೀರಿಯಾ’ ಅಂತ ಒಂದೇ ಕಾಲಂ ಹಾಕಿಸಬೇಡಿ ಮೇಷ್ಟ್ರೇ. ಕಾನೋಗೆ ಒಂದು, ಓಲೋಕೋಗೆ ಒಂದು. ಮೈಸೂರಿಗೂ 1799-1831, 1831-81, 1881-1947 ಅಂತ ಮೂರು ಮಾಡಿ. ಹರಪನಹಳ್ಳಿ, ರಾಣೆಬೆನ್ನೂರಿಗೆ ಒಂದೊಂದು. ಒಟ್ಟು ಏಳು ಕಾಲಂ ಆಗುತ್ತೆ. ಎ4 ಹಾಳೆ ಸಾಲದು, ಚಾರ್ಟ್ ಅಡ್ಡ ಹಿಡಿಸಿ.